ಬೀಡಿ-ಸಿಗರೇಟು ಬಿಡುವುದು ಹೇಗೆ: ಪ್ಯಾಕೆಟ್ ಎಸೆಯುವುದು ಐದನೇ ಹೆಜ್ಜೆ, ಮೊದಲನೆಯದಲ್ಲ

ಬಾಗಲಕೋಟೆಯ ನವನಗರದಲ್ಲಿ ನನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುವವರಿಗೆಲ್ಲ ನಾನು ಸಿಗರೇಟು ಬಿಟ್ಟವನು ಅಂತ ಗೊತ್ತು. ಹಾಗಾಗಿ ಆಗಾಗ ಯಾರಾದರೂ ಪಕ್ಕಕ್ಕೆ ಕರೆದು ಕೇಳುತ್ತಾರೆ. ಎಲ್ಲರ ಕಥೆಯೂ ಹೆಚ್ಚುಕಡಿಮೆ ಒಂದೇ. ರಾತ್ರಿ ಕೆಮ್ಮು ಬಂತು, ಇಲ್ಲವೇ ಮಗಳು ಮೂಗು ಮುಚ್ಚಿಕೊಂಡು ಎದ್ದು ಹೋದಳು. ಸಿಟ್ಟಿನಲ್ಲಿ ಪ್ಯಾಕೆಟ್ ಹಿಚುಕಿ ಗಟಾರಕ್ಕೆ ಎಸೆದರು. ಮರುದಿನ ಹೆಂಗೋ ಕಳೆಯಿತು. ಮೂರನೇ ದಿನ ಸಂಜೆ ಚಹಾದಂಗಡಿ ಮುಂದೆ ಒಂದೇ ಒಂದು ಬಿಡಿ ಸಿಗರೇಟು. ನಾಲ್ಕನೇ ದಿನ ಮತ್ತೆ ಪ್ಯಾಕೆಟ್.

ನಾನೂ ಮೂರು ಸಲ ಬಿದ್ದವನು. ‘ಮನಸ್ಸು ಗಟ್ಟಿ ಇಲ್ಲ’ ಅಂತ ಮಂದಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಪ್ಪಿದ್ದು ಕೆಲಸದ ಕ್ರಮ. ಬಿತ್ತುವ ಮೊದಲು ಹೊಲ ಹರಗಬೇಕು. ನಾವು ಬೀಜ ಚೆಲ್ಲಿಬಿಟ್ಟು ಆಮೇಲೆ ಕುಂಟೆ ಹುಡುಕುತ್ತಿದ್ದೆವು. ನಾಲ್ಕನೇ ಸಲ ನಾನು ಮಾಡಿದ ಕ್ರಮ ಇಲ್ಲಿದೆ. ಬಿಡುವ ದಿನಕ್ಕೆ ಮೊದಲೇ ಸುಮಾರು ಎರಡು ವಾರದ ಕೆಲಸ ಇದೆ. ಅದನ್ನು ಹಾರಿಸಬೇಡಿ.

## ಮೊದಲು ಸಾಮಾನು ಕೂಡಿಸಿಕೊಳ್ಳಿ

ಜಾಸ್ತಿ ಏನೂ ಬೇಡ. ಅಂಗಿ ಕಿಸೆಯಲ್ಲಿ ಹಿಡಿಯುವ ಸಣ್ಣ ನೋಟ್‌ಬುಕ್ಕು, ಒಂದು ಪೆನ್ನು. ನೀರಿನ ಬಾಟ್ಲಿ. ಬಡೇಸೋಪು, ಲವಂಗ, ಏಲಕ್ಕಿ ಹಾಕಿದ ಒಂದು ಡಬ್ಬಿ. ಅದರಲ್ಲಿ ಅಡಿಕೆ ಚೂರು ಬೇಡ. ಅಡಿಕೆಯೇ ಬಾಯಿ ಕ್ಯಾನ್ಸರ್ ತರುವ ವಸ್ತು, ಅದಕ್ಕೆ ತಂಬಾಕು ಸೇರಬೇಕಂತಿಲ್ಲ.

ಫೋನಿನಲ್ಲಿ ಎರಡು ನಂಬರ್ ಸೇವ್ ಮಾಡಿ. ಒಂದು 1800-11-2356. ಇದು ತಂಬಾಕು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. ಎರಡನೆಯದು 14416. ಇದು ಟೆಲಿ ಮಾನಸ್, ಮನಸ್ಸು ಕೆಟ್ಟಾಗ ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು. ಮೊದಲನೇ ನಂಬರ್ ನೀವು ಇಷ್ಟು ದಿನ ಕಿಸೆಯಲ್ಲಿಟ್ಟುಕೊಂಡೇ ಓಡಾಡಿದ್ದೀರಿ. 2018ರಿಂದ ಅದು ಪ್ರತಿ ಪ್ಯಾಕೆಟ್ಟಿನ ಮೇಲೆ, ಆ ಚಿತ್ರದ ಕೆಳಗೆ, ಅಚ್ಚಾಗಿ ಬರುತ್ತಿದೆ. ನಾನು ಎಷ್ಟೋ ವರ್ಷ ಆ ಚಿತ್ರ ಕಾಣಬಾರದು ಅಂತ ಪ್ಯಾಕೆಟ್ ತಿರುವಿ ಇಡುತ್ತಿದ್ದೆ. ಹಿಂದೂ ಅದೇ ಚಿತ್ರ ಇರುತ್ತಿತ್ತು!

## ಹೆಜ್ಜೆ 1: ಒಂದು ವಾರ ಸೇದಿ, ಆದರೆ ಬರೆದಿಡಿ

ಈ ವಾರ ಬಿಡಬೇಡಿ. ಕಡಿಮೆಯನ್ನೂ ಮಾಡಬೇಡಿ. ಪ್ರತಿ ಸಲ ಹಚ್ಚುವ ಮೊದಲು ನಾಲ್ಕು ವಿಷಯ ಬರೆಯಿರಿ: ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ, ಬೇಕೇ ಬೇಕಿತ್ತಾ ಇಲ್ಲ ಸುಮ್ನೆನಾ. ಹಚ್ಚಿದ ಮೇಲಲ್ಲ, ಮೊದಲು. ಹಚ್ಚಿದ ಮೇಲೆ ಯಾರೂ ಬರೆಯುವುದಿಲ್ಲ.

ನನ್ನ ಪುಸ್ತಕದ ಮೊದಲ ಸಾಲು ಹೀಗಿದೆ: ‘6.10, ಹಿತ್ತಿಲು, ಒಬ್ಬನೇ, ಸಂಡಾಸಿಗೆ ಹೋಗಲು, ಬೇಕೇ ಬೇಕು.’ ಕೆಳಗೆ: ‘7.30, ಚಹಾ, ಸುಮ್ನೆ.’ ಅದರ ಕೆಳಗೆ: ‘7.45, ಗೆಳೆಯ ಕೊಟ್ಟ.’ ವಾರದ ಕೊನೆಗೆ ಎಣಿಸಿದೆ. ದಿನಕ್ಕೆ ಹದಿನಾಲ್ಕು. ಅದರಲ್ಲಿ ಬೇಕೇ ಬೇಕು ಅನ್ನುವಂಥದ್ದು ಐದು. ಉಳಿದ ಒಂಬತ್ತರಲ್ಲಿ ಆರು ಚಹಾದ ಜೊತೆ, ಮೂರು ಬೇರೆಯವರು ಕೈಗಿಟ್ಟದ್ದು. ಅಂದರೆ ನನ್ನ ದೊಡ್ಡ ಶತ್ರು ಸಿಗರೇಟಿಗಿಂತ ಚಹಾದಂಗಡಿಯ ಕಟ್ಟೆ. ಇದು ಗೊತ್ತಿಲ್ಲದೆ ಮೂರು ಸಲ ಕದನಕ್ಕೆ ಇಳಿದಿದ್ದೆ.

ಇನ್ನೊಂದನ್ನು ಕಟ್ಟುನಿಟ್ಟಾಗಿ ಬರೆಯಿರಿ. ಎದ್ದು ಎಷ್ಟು ನಿಮಿಷಕ್ಕೆ ಮೊದಲನೆಯದು ಹಚ್ಚುತ್ತೀರಿ? 30 ನಿಮಿಷದೊಳಗೆ ಅಂದರೆ ದೇಹಕ್ಕೆ ನಿಕೋಟಿನ್ ಗಟ್ಟಿಯಾಗಿ ಅಂಟಿಕೊಂಡಿದೆ, ಬರೀ ಮನಸ್ಸು ಮಾಡಿದರೆ ಸಾಲದು. ಡಾಕ್ಟರ್ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು, ಔಷಧದ ಪ್ರಮಾಣವೂ ಇದರ ಮೇಲೆ ನಿಲ್ಲುತ್ತದೆ.

ರೊಕ್ಕದ ಲೆಕ್ಕವನ್ನೂ ಅಲ್ಲೇ ಹಾಕಿ. ಒಂದಕ್ಕೆ 15 ರೂಪಾಯಿ ಅಂತ ಹಿಡಿದರೂ ದಿನಕ್ಕೆ ಹದಿನಾಲ್ಕು ಅಂದರೆ 210. ತಿಂಗಳಿಗೆ 6300.

## ಹೆಜ್ಜೆ 2: ದಿನ ಗೊತ್ತು ಮಾಡಿ

ಬರೆಯುವ ವಾರ ಮುಗಿದ ಮೇಲೆ ಒಂದೆರಡು ವಾರದೊಳಗಿನ ಒಂದು ದಿನ ಆರಿಸಿ. ಅದಕ್ಕಿಂತ ದೂರ ಇಟ್ಟರೆ ಅದು ಬರುವುದೇ ಇಲ್ಲ. ‘ದೀಪಾವಳಿ ಆಗ್ಲಿ’ ಅಂದವರು ದೀಪಾವಳಿ ಆದ ಮೇಲೆ ಯುಗಾದಿ ಅನ್ನುತ್ತಾರೆ.

ಯಾವ ದಿನ ಬೇಡ ಅನ್ನುವುದು ಇನ್ನೂ ಮುಖ್ಯ. ಮನೆಯಲ್ಲಿ ಮದುವೆ ಇರುವ ವಾರ ಬೇಡ. ವಿಜಯಪುರದವರಾದರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ವಾರ ಬೇಡ, ಬಾದಾಮಿ ಕಡೆಯವರಾದರೆ ಬನಶಂಕರಿ ಜಾತ್ರೆಯ ದಿನಗಳು ಬೇಡ. ಗೆಳೆಯರು, ಬೀಗರು, ರಾತ್ರಿಯಿಡೀ ನಾಟಕ, ಕೈಯಲ್ಲಿ ಒಂದು ಇರಲೇಬೇಕು. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಟ್ರ್ಯಾಕ್ಟರ್ ಹೊಡೆಯುವವರು ಫ್ಯಾಕ್ಟರಿ ಮುಂದೆ ಪಾಳಿ ಹಚ್ಚುವ ದಿನಗಳನ್ನು ಬಿಟ್ಟು ನೋಡಿ. ಬೀಡಿಯೇ ಅವರ ನಿದ್ದೆ ಓಡಿಸುವ ಔಷಧ ಆಗಿರುತ್ತದೆ.

ಶ್ರಾವಣದ ಬಗ್ಗೆ ಒಂದು ಮಾತು. ನಮ್ಮ ಕಡೆ ಶ್ರಾವಣ ಹಿಡಿದವರು ಮಾಂಸ, ಕುಡಿತದ ಜೊತೆ ಬೀಡಿಯನ್ನೂ ಬಿಡುವುದುಂಟು. ತಿಂಗಳಿಡೀ ಆರಾಮ ಇರುತ್ತಾರೆ. ತಿಂಗಳು ಮುಗಿದ ದಿನವೇ ಮತ್ತೆ ಹಚ್ಚುತ್ತಾರೆ. ಯಾಕಂದರೆ ಅವರು ಬಿಟ್ಟಿರಲಿಲ್ಲ, ತಡೆದಿದ್ದರು. ಆದರೂ ಶ್ರಾವಣ ಒಳ್ಳೆಯ ಮುಹೂರ್ತವೇ. ಆ ನಾಲ್ಕು ವಾರದಲ್ಲಿ ದೇಹದ ಕಾಟ ಬಹುಪಾಲು ಮುಗಿದಿರುತ್ತದೆ. ಮುಗಿದ ಮರುದಿನಕ್ಕೆ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟುಕೊಂಡರೆ ಸಾಕು. ರಂಜಾನ್ ರೋಜಾ ಹಿಡಿಯುವವರಿಗೂ ಇದೇ. ಹಗಲು ಹದಿಮೂರು ಗಂಟೆ ತಡೆಯಲು ಬರುವವರಿಗೆ ಉಳಿಯುವುದು ಇಫ್ತಾರ್ ಆದ ಮೇಲಿನ ಎರಡು ತಾಸು. ನಿಕೋಟಿನ್ ಗಮ್ಮು (ಸಿಗರೇಟಿನ ಬದಲು ಅಗಿಯುವುದು, ಹೆಜ್ಜೆ 4ರಲ್ಲಿ ಬರುತ್ತದೆ), ಗೆಳೆಯನ ಫೋನು, ಸಂಜೆಯ ತಿರುಗಾಟ, ಎಲ್ಲವನ್ನೂ ಆ ಎರಡು ತಾಸಿಗೆ ಇಟ್ಟುಕೊಳ್ಳಿ.

‘ದಿನಕ್ಕೆ ಒಂದೊಂದು ಕಡಿಮೆ ಮಾಡ್ತೀನಿ’ ಅನ್ನುವವರಿಗೆ: ಮಾಡಿ, ಬೇಡ ಅನ್ನಲ್ಲ. ಆದರೆ ಸೊನ್ನೆಗೆ ಬರುವ ತಾರೀಖು ಬರೆದಿಡಿ. ತಾರೀಖಿಲ್ಲದ ಕಡಿತ ಐದಕ್ಕೆ ಬಂದು ನಿಲ್ಲುತ್ತದೆ, ಒಂದು ಜಗಳ ಆದರೆ ಹದಿನೈದಕ್ಕೆ ಹೋಗುತ್ತದೆ.

## ಹೆಜ್ಜೆ 3: ಒಬ್ಬ ಮನುಷ್ಯ, ಒಂದು ಫೋನ್ ಕರೆ

ಯಾರಿಗೂ ಹೇಳದೆ ಬಿಡುವುದು ದೊಡ್ಡ ತಪ್ಪು. ಕಾರಣ ಎಲ್ಲರಿಗೂ ಗೊತ್ತು. ಹೇಳದಿದ್ದರೆ ಸೋತಾಗ ಮರ್ಯಾದೆ ಹೋಗುವುದಿಲ್ಲ. ಅಂದರೆ ಸೋಲಿನ ಬಾಗಿಲನ್ನು ನಾವೇ ತೆರೆದಿಟ್ಟಿರುತ್ತೇವೆ.

ಊರಿಗೆಲ್ಲ ಡಂಗುರ ಹೊಡೆಯಬೇಕಿಲ್ಲ. ಮನೆಯಲ್ಲಿ ಒಬ್ಬರು, ಹೊರಗೆ ಒಬ್ಬರು ಸಾಕು. ಹೊರಗಿನವನು ಬಿಟ್ಟವನಾಗಿದ್ದರೆ ಬಹಳ ಒಳ್ಳೆಯದು. ಅವನಿಗೆ ಏನು ಕೇಳಬೇಕು ಅಂತ ಬಿಡಿಸಿ ಹೇಳಿ. ‘ಸಪೋರ್ಟ್ ಮಾಡಪಾ’ ಅಂದರೆ ಅವನಿಗೆ ಏನೂ ತಿಳಿಯುವುದಿಲ್ಲ. ನಾನು ಹೇಳಿದ್ದು ಇಷ್ಟು: ‘ಹತ್ತು ದಿನ ಸಂಜೆ ಆರಕ್ಕ ನನಗ ಫೋನ್ ಹಚ್ಚು. ಏನರ ಮಾತಾಡು. ಬೆಳಿ, ಮಳಿ, ಯಾವುದಾದ್ರೂ ಸರಿ.’ ಅವನು ಹಚ್ಚಿದ. ಹತ್ತೂ ದಿನ. ಮಾತೆಲ್ಲ ಹೆಸರುಕಾಳಿನ ಧಾರಣಿ ಬಗ್ಗೆಯೇ.

ಜೊತೆಗೆ ಸೇದುವ ಗೆಳೆಯರಿಗೆ ಒಂದೇ ಸಾಲು: ‘ನನಗ ಕೊಡಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ.’ ಎರಡನೇ ಭಾಗವನ್ನು ಬಿಡಬೇಡಿ.

ಮನೆಯವರು ಓದುತ್ತಿದ್ದರೆ ನಿಮಗೂ ಎರಡು ಮಾತು. ಬಾಯಿ ವಾಸನೆ ನೋಡಬೇಡಿ, ಕಿಸೆ ತಡಕಬೇಡಿ. ಮೊದಲ ವಾರ ಅವರು ಸಣ್ಣ ವಿಷಯಕ್ಕೂ ಸಿಡುಕುತ್ತಾರೆ. ಅದು ನಿಮ್ಮ ಮೇಲಿನ ಸಿಟ್ಟಲ್ಲ, ನಿಕೋಟಿನ್ ಸಿಗದ ಮೆದುಳಿನ ಸಿಟ್ಟು. ‘ಇದಕ್ಕಿಂತ ಸೇದಿದ್ರ ಚೊಲೋ ಇತ್ತು’ ಅಂತ ಮಾತ್ರ ಅನ್ನಬೇಡಿ. ನನ್ನ ಮೊದಲ ಪ್ರಯತ್ನ ಆ ಒಂದು ಮಾತಿಗೇ ಮುಗಿದಿತ್ತು. ನನಗೆ ಅದೇ ಬೇಕಿತ್ತು ಅನ್ನಿ.

ಈಗ ಫೋನ್. 1800-11-2356ಕ್ಕೆ ಬಿಡುವ ದಿನಕ್ಕೆ ಮೊದಲೇ ಕರೆ ಮಾಡಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತಾರೆ, ಸಾಮಾನ್ಯವಾಗಿ ಸೋಮವಾರ ರಜೆ. ದಕ್ಷಿಣದ ಭಾಷೆಗಳವರ ಕರೆಗಳನ್ನು ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು. ಏನು ಸೇದುತ್ತೀರಿ, ದಿನಕ್ಕೆಷ್ಟು, ಹಿಂದೆ ಬಿಟ್ಟಿದ್ದಿರಾ, ಯಾಕೆ ಮತ್ತೆ ಶುರುವಾಯಿತು ಅಂತ ಕೇಳುತ್ತಾರೆ. ಹೆಜ್ಜೆ 1ರ ನೋಟ್‌ಬುಕ್ ಆಗ ಮುಂದಿಟ್ಟುಕೊಳ್ಳಿ. ಬಿಡುವ ದಿನ ಹೇಳಿದರೆ ಮುಂದೆ ಅವರೇ ಕರೆ ಮಾಡಿ ವಿಚಾರಿಸುತ್ತಾರೆ. ಬೈಯುತ್ತಾರೆ ಅಂತ ಹೆದರಿ ನಾನು ಒಂದು ತಿಂಗಳು ಮುಂದೂಡಿದ್ದೆ. ಯಾರೂ ಬೈಯಲಿಲ್ಲ.

ಬೆಳಗಾವಿ ಕಡೆ ಮಿಶ್ರಿ ಹಚ್ಚುವ ಹೆಣ್ಣುಮಕ್ಕಳಿಗೂ, ಗುಟ್ಕಾ ಹಾಕುವವರಿಗೂ ಇದೇ ನಂಬರ್. ಮಿಶ್ರಿಯೂ ತಂಬಾಕೇ. ‘ಹಲ್ಲು ತಿಕ್ಕೋದು’ ಅಂದ ಮಾತ್ರಕ್ಕೆ ಅದು ಹಲ್ಲುಪುಡಿ ಆಗುವುದಿಲ್ಲ.

ದೇವರ ಮುಂದೆ, ಸ್ವಾಮಿಗಳ ಮುಂದೆ ಆಣೆ ಮಾಡಿ ಬಿಡುವವರು ನಮ್ಮಲ್ಲಿ ಬಹಳ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದವರು. ಅವರು ಕೇಳಿದ್ದು ರೊಕ್ಕವನ್ನಲ್ಲ, ‘ನಿಮ್ಮ ಚಟವನ್ನು ಜೋಳಿಗೆಗೆ ಹಾಕಿ’ ಅಂತ. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ನಾಲ್ಕು ಮಂದಿಯ ಮುಂದೆ ಕೊಟ್ಟ ಮಾತಿಗೆ ಬಲ ಇದೆ, ನನಗದರಲ್ಲಿ ಅನುಮಾನ ಇಲ್ಲ. ಆದರೆ ಎದ್ದ ಹತ್ತು ನಿಮಿಷಕ್ಕೆ ಬೀಡಿ ಹಚ್ಚುವ ಮನುಷ್ಯ ಬರೀ ಆಣೆಯ ಮೇಲೆ ನಿಲ್ಲುವುದು ಕಷ್ಟ. ಆಣೆಯೂ ಇರಲಿ, ಮುಂದಿನ ಹೆಜ್ಜೆಯೂ ಇರಲಿ.

## ಹೆಜ್ಜೆ 4: ಆಸ್ಪತ್ರೆಗೆ ಹೋಗಿ, ಔಷಧ ಕೇಳಿ

ಇದನ್ನು ಹಾರಿಸುವವರೇ ಜಾಸ್ತಿ. ‘ಸಿಗರೇಟು ಬಿಡಾಕ ಏನ ದವಾಖಾನಿಗೆ ಹೋಗೋದು?’ ಹೌದು, ಹೋಗಬೇಕು.

ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರ ಇರುತ್ತದೆ. ಬೆಳಗಾವಿಯಲ್ಲಿ ಬಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ), ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಚೀಟಿ ಕೊಡುವ ಕಿಟಕಿಯಲ್ಲಿ ‘ತಂಬಾಕು ಬಿಡಿಸುವ ಕೇಂದ್ರ ಎಲ್ಲಿ?’ ಅಂತ ಕೇಳಿ. ಅಲ್ಲಿದ್ದವರಿಗೆ ಗೊತ್ತಿಲ್ಲದಿದ್ದರೆ ಮನೋರೋಗ ವಿಭಾಗಕ್ಕೆ ಚೀಟಿ ಮಾಡಿಸಿ. ಹೆಸರು ಕೇಳಿ ಗಾಬರಿಯಾಗಬೇಡಿ. ಚಟ ಬಿಡಿಸುವ ವಿದ್ಯೆ ಅವರ ಕಡೆಯೇ ಇರುವುದು. ಹಲ್ಲಿನ ಡಾಕ್ಟರ್‌ಗಳ ಹತ್ತಿರವೂ ಕೇಳಬಹುದು, ಮೂರೂ ಊರುಗಳಲ್ಲಿ ದಂತ ಕಾಲೇಜುಗಳಿವೆ. ಹಳ್ಳಿಯವರು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡಿ, ಅಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಅವರು ಹೇಳುತ್ತಾರೆ.

ಡಾಕ್ಟರ್‌ಗೆ ಇವಿಷ್ಟು ತಪ್ಪದೆ ಹೇಳಿ: ಬಿಪಿ, ಶುಗರ್, ಹೃದಯದ ತೊಂದರೆ, ಹಿಂದೆ ಫಿಟ್ಸ್ ಬಂದಿದ್ದರೆ ಅದು, ಬಸುರಿಯಾಗಿದ್ದರೆ ಅದು, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಹೆಸರು. ಕೆಲವು ಗುಳಿಗೆಗಳ ಪ್ರಮಾಣವನ್ನು ಹೊಗೆ ನಿಲ್ಲಿಸಿದ ಮೇಲೆ ಬದಲಾಯಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರು ಮೊದಮೊದಲು ಶುಗರ್ ಜಾಸ್ತಿ ಸಲ ಪರೀಕ್ಷೆ ಮಾಡಿಸಿ.

ಬುಪ್ರೊಪಿಯಾನ್, ವ್ಯಾರೆನಿಕ್ಲಿನ್ ಅನ್ನುವ ಗುಳಿಗೆಗಳಿವೆ. ಎರಡೂ ವೈದ್ಯರ ಚೀಟಿ ಇದ್ದರೆ ಮಾತ್ರ. ಇವನ್ನು ಸಾಮಾನ್ಯವಾಗಿ ಬಿಡುವ ದಿನಕ್ಕಿಂತ ಒಂದೆರಡು ವಾರ ಮೊದಲೇ ಶುರು ಮಾಡಬೇಕು. ಅದಕ್ಕೇ ನಾನು ಆಸ್ಪತ್ರೆಯನ್ನು ನಾಲ್ಕನೇ ಹೆಜ್ಜೆಗೆ ಇಟ್ಟಿದ್ದು, ಬಿಟ್ಟು ಒದ್ದಾಡುವಾಗ ಓಡುವುದಕ್ಕಲ್ಲ. ಫಿಟ್ಸ್ ಇರುವವರಿಗೆ ಬುಪ್ರೊಪಿಯಾನ್ ಆಗುವುದಿಲ್ಲ. ಗೆಳೆಯನ ಗುಳಿಗೆ ಇಸಕೊಂಡು ನುಂಗುವ ಚಾಳಿ ಇಲ್ಲಿ ಬೇಡ.

### ನಿಕೋಟಿನ್ ಗಮ್ಮು ಅಗಿಯುವುದು ಹೀಗೆ

ಇದು ಬಹಳ ಮಂದಿಗೆ ಗೊತ್ತಿರುವ, ಬಹಳ ಮಂದಿ ತಪ್ಪಾಗಿ ಬಳಸುವ ವಸ್ತು. 2 ಮಿಲಿಗ್ರಾಂನದ್ದು ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. 4 ಮಿಲಿಗ್ರಾಂನದ್ದಕ್ಕೆ ವೈದ್ಯರ ಚೀಟಿ ಬೇಕು. ಎದ್ದು 30 ನಿಮಿಷದೊಳಗೆ ಹಚ್ಚುವವರಿಗೆ ಸಾಮಾನ್ಯವಾಗಿ 4, ಉಳಿದವರಿಗೆ 2.

ನಾನು ಮೊದಲ ಸಲ ಅಗಿದದ್ದು ಬಾಗಲಕೋಟೆಯಿಂದ ವಿಜಯಪುರಕ್ಕೆ ಹೋಗುವ ಬಸ್ಸಿನಲ್ಲಿ. ಮಕ್ಕಳ ಚೂಯಿಂಗ್ ಗಮ್ಮಿನ ಹಾಗೆ ಕಚಕಚ ಅಗಿದು ರಸ ನುಂಗಿದೆ. ಐದು ನಿಮಿಷಕ್ಕೆ ಬಿಕ್ಕಳಿಕೆ ಶುರು. ಎದೆಯುರಿ, ಹೊಟ್ಟೆ ತೊಳಸು. ಪಕ್ಕದ ಅಜ್ಜ ನೀರು ಕೊಟ್ಟ. ‘ಇದು ನಮಗ ಬಗಿಹರಿಯೂದಲ್ಲ’ ಅಂತ ಉಳಿದ ಪಟ್ಟಿಯನ್ನು ಕಿಸೆಗೆ ಹಾಕಿ, ಇಳಿದ ತಕ್ಷಣ ಒಂದು ಸಿಗರೇಟು ಹಚ್ಚಿದೆ. ಗಮ್ಮಿನದೇನೂ ತಪ್ಪಿರಲಿಲ್ಲ.

ಸರಿಯಾದ ರೀತಿ ಇದು. ಬಾಯಿಗೆ ಹಾಕಿ ಮೆಲ್ಲಗೆ ಹತ್ತು ಹದಿನೈದು ಸಲ ಅಗಿಯಿರಿ. ಕರಿಮೆಣಸಿನಂಥ ಖಾರ ಬರುತ್ತದೆ, ಒಸಡು ಜುಮ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ. ತಂಬಾಕು ತಿನ್ನುವವರು ದವಡೆಗೆ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಗಲ್ಲ ಮತ್ತು ಒಸಡಿನ ನಡುವೆ ಇಡಿ. ಒಂದೆರಡು ನಿಮಿಷಕ್ಕೆ ಜುಮ್ಮು ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕಡೆ ಇಡಿ. ಹೀಗೆ ಅರ್ಧ ತಾಸು. ನಿಕೋಟಿನ್ ಹೋಗಬೇಕಾದ್ದು ಬಾಯಿಯ ಒಳಚರ್ಮದಿಂದ, ಹೊಟ್ಟೆಯಿಂದಲ್ಲ.

ಗಮ್ಮಿಗೆ 15 ನಿಮಿಷ ಮೊದಲು ಮತ್ತು ಬಾಯಲ್ಲಿ ಇರುವಾಗ ಚಹಾ, ಕಾಫಿ, ಲಿಂಬು ಶರಬತ್ತು, ಸೋಡಾ ಏನೂ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಹೀರುವುದಿಲ್ಲ.

ಆಸೆ ಬಂದಾಗ ಹುಡುಕಬೇಡಿ, ಗಡಿಯಾರ ನೋಡಿ ಹಾಕಿ. ಮೊದಲ 6 ವಾರ ಒಂದೆರಡು ತಾಸಿಗೊಂದು. ಮುಂದಿನ 3 ವಾರ ಎರಡರಿಂದ ನಾಲ್ಕು ತಾಸಿಗೊಂದು. ಕೊನೆಯ 3 ವಾರ ನಾಲ್ಕರಿಂದ ಎಂಟು ತಾಸಿಗೊಂದು. ದಿನಕ್ಕೆ 24 ದಾಟಬಾರದು. ಎರಡನೇ ವಾರಕ್ಕೇ ‘ಆರಾಮಾತು’ ಅಂತ ನಿಲ್ಲಿಸುವುದು ಸಾಮಾನ್ಯ ತಪ್ಪು. ಪೂರ್ತಿ 12 ವಾರ ನಡೆಸಿ. ಬಸುರಿಯರು, ಹದಿನೆಂಟರೊಳಗಿನವರು, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು ಡಾಕ್ಟರ್‌ರನ್ನು ಕೇಳದೆ ಮುಟ್ಟಬೇಡಿ.

## ಹೆಜ್ಜೆ 5: ಹಿಂದಿನ ರಾತ್ರಿ ಮನೆ ಸ್ವಚ್ಛ ಮಾಡಿ

ಈಗ ಪ್ಯಾಕೆಟ್ ಎಸೆಯಿರಿ. ಅದರ ಜೊತೆ ಲೈಟರ್, ಕಡ್ಡಿಪೆಟ್ಟಿಗೆ, ಆ್ಯಶ್‌ಟ್ರೇ. ದೇವರ ಮನೆಗೆ ಬೇಕಾದ ಕಡ್ಡಿಪೆಟ್ಟಿಗೆ ಅಲ್ಲೇ ಇರಲಿ, ನಿಮ್ಮ ಕಿಸೆಯಲ್ಲಿ ಬೇಡ. ಗಾಡಿಯ ಡಿಕ್ಕಿ, ಹಳೆಯ ಜಾಕೆಟ್ ಕಿಸೆ, ಹೊಲದ ಮನೆಯ ಗೂಡು, ಕಪಾಟಿನ ಮೇಲೆ ಹಾಸಿದ ಪೇಪರಿನ ಕೆಳಗೆ. ಎಲ್ಲೆಲ್ಲಿ ಬಚ್ಚಿಟ್ಟಿದ್ದೀರಿ ಅಂತ ನಿಮಗೇ ಗೊತ್ತು. ‘ಒಂದು ಇರಲಿ, ಧೈರ್ಯಕ್ಕೆ’ ಅಂತ ಇಟ್ಟುಕೊಂಡದ್ದೇ ಮೂರನೇ ದಿನ ಕೈಗೆ ಬರುವುದು. ನೀರಲ್ಲಿ ನೆನೆಸಿ ಎಸೆಯಿರಿ. ಒಣಗಿದ್ದನ್ನು ತಿಪ್ಪೆಯಿಂದ ಹೆಕ್ಕಿ ತಂದವರನ್ನು ನಾನು ಬಲ್ಲೆ.

ಅಂಗಿ, ಹೊದಿಕೆ ತೊಳೆಯಲು ಹಾಕಿ. ಪಾನ್ ಅಂಗಡಿಯವರ ಹತ್ತಿರ ಉದ್ರಿ ಇದ್ದರೆ ಇವತ್ತೇ ತೀರಿಸಿ. ನಾಳೆ ಆ ನೆಪದಲ್ಲಿ ಹೋಗುವುದು ಬೇಡ.

## ಹೆಜ್ಜೆ 6: ಮೊದಲ ಮೂರು ದಿನ

ಎರಡನೇ, ಮೂರನೇ ದಿನ ಕಾಟ ಎಲ್ಲಕ್ಕಿಂತ ಜಾಸ್ತಿ. ಎಲ್ಲರೂ ಮೂರನೇ ದಿನವೇ ಬೀಳುವುದಕ್ಕೆ ಇದೇ ಕಾರಣ. ಬೆಟ್ಟದ ನೆತ್ತಿಗೆ ಬಂದು ಕೂತು, ಇನ್ನೂ ಏರು ಇದೆ ಅಂದುಕೊಂಡು ವಾಪಸ್ ಇಳಿಯುತ್ತಾರೆ. ಆಮೇಲೆ ಇಳಿಜಾರೇ. ಎರಡರಿಂದ ನಾಲ್ಕು ವಾರದಲ್ಲಿ ದೇಹದ ಕಾಟ ಬಹುತೇಕ ಕಡಿಮೆಯಾಗುತ್ತದೆ.

ಏನೇನು ಆಗಬಹುದು: ಸಿಡುಕು, ತಲೆನೋವು, ನಿದ್ದೆ ಬಾರದಿರುವುದು, ವಿಪರೀತ ಹಸಿವು, ಬಾಯಿ ಹುಣ್ಣು, ಮಲಬದ್ಧತೆ. ಬೆಳಿಗ್ಗೆ ಸಂಡಾಸಿಗೆ ಸಿಗರೇಟೇ ಬೇಕು ಅನ್ನುವವರು ಮೊದಲೇ ತಯಾರಾಗಿ. ಎದ್ದ ತಕ್ಷಣ ಎರಡು ಲೋಟ ಬೆಚ್ಚನೆ ನೀರು, ಹತ್ತು ನಿಮಿಷ ಅಂಗಳದಲ್ಲಿ ಓಡಾಟ, ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಹಸಿ ಮೂಲಂಗಿ. ನಾಲ್ಕೈದು ದಿನ ಹೊಟ್ಟೆ ಮುನಿಸಿಕೊಳ್ಳುತ್ತದೆ, ಆಮೇಲೆ ದಾರಿಗೆ ಬರುತ್ತದೆ.

ಕೆಲವರಿಗೆ ಕೆಮ್ಮು, ಕಫ ಮೊದಲಿಗಿಂತ ಜಾಸ್ತಿಯಾಗುತ್ತದೆ. ಹೊಗೆ ನಿಂತ ಮೇಲೆ ಪುಪ್ಪುಸ ತನ್ನ ಕಸ ಹೊರಗೆ ಹಾಕಲು ಶುರು ಮಾಡುತ್ತದೆ. ‘ಬಿಟ್ಟ ಮ್ಯಾಲೇ ಕೆಮ್ಮು ಬಂತು ನೋಡು’ ಅಂತ ಮತ್ತೆ ಹಚ್ಚಬೇಡಿ.

ಚಹಾ ಅರ್ಧಕ್ಕೆ ಇಳಿಸಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೊಗೆ ಸೇದುವವರ ದೇಹ ಚಹಾ, ಕಾಫಿಯ ಕೆಫೀನನ್ನು ಬೇಗ ಹೊರಗೆ ಹಾಕುತ್ತದೆ. ಸೇದುವುದು ನಿಂತರೆ ಅದೇ ಐದು ಕಪ್ಪು ಚಹಾ ದೇಹದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ನಾವು ಅದನ್ನೂ ಸಿಗರೇಟಿನ ಲೆಕ್ಕಕ್ಕೆ ಬರೆಯುತ್ತೇವೆ.

ಆಸೆ ಒಮ್ಮೆಲೇ ಅಲೆಯಂತೆ ಬರುತ್ತದೆ. ಐದರಿಂದ ಹತ್ತು ನಿಮಿಷ ಇದ್ದು ಹೋಗುತ್ತದೆ, ನೀವು ಸೇದಿದರೂ, ಸೇದದಿದ್ದರೂ. ಆ ಹತ್ತು ನಿಮಿಷಕ್ಕೆ ಕೆಲಸ ಬೇಕು. ನನ್ನ ಮೂರನೇ ದಿನ ಸಂಜೆ ನವನಗರದ ಬಸ್ ನಿಲ್ದಾಣದ ಹೊರಗೆ ನಿಂತಿದ್ದೆ. ಪಕ್ಕದವನು ಕಡ್ಡಿ ಗೀರಿದ. ಗಂಧಕದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನೇ ಎದೆಯ ಕಿಸೆಗೆ ಹೋಯಿತು. ಅಲ್ಲಿ ಬಡೇಸೋಪಿನ ಡಬ್ಬಿ ಇತ್ತು. ಎರಡು ಲವಂಗ ಬಾಯಿಗೆ ಹಾಕಿದೆ, ಅಲ್ಲಿಂದ ದೂರ ನಡೆದೆ, ಗೆಳೆಯನಿಗೆ ಫೋನ್ ಹಚ್ಚಿದೆ. ಅವನು ಎತ್ತಲಿಲ್ಲ. ಬಾಟ್ಲಿಯ ನೀರು ಮೆಲ್ಲಗೆ ಕುಡಿಯುತ್ತ ಹೋಗುವ ಗಾಡಿಗಳ ನಂಬರ್ ಪ್ಲೇಟ್ ಕೂಡಿಸಿದೆ. ಹನ್ನೊಂದನೇ ಗಾಡಿಗೆ ಆಸೆ ಇಳಿದಿತ್ತು. ನಗಬೇಡಿ. ಕೈಗೆ, ಬಾಯಿಗೆ, ಕಾಲಿಗೆ, ತಲೆಗೆ, ನಾಲ್ಕಕ್ಕೂ ಒಂದೊಂದು ಕೆಲಸ ಕೊಟ್ಟರೆ ಆಯಿತು.

ಕೊನೆಯ ಸಿಗರೇಟಾದ 20 ನಿಮಿಷಕ್ಕೇ ನಾಡಿಯ ಓಟ ಇಳಿಯಲು ಶುರುವಾಗುತ್ತದೆ. ಒಂದೆರಡು ದಿನದಲ್ಲಿ ರಕ್ತದೊಳಗಿನ ಕಾರ್ಬನ್ ಮಾನಾಕ್ಸೈಡ್ ಸೇದದವರ ಮಟ್ಟಕ್ಕೆ ಬರುತ್ತದೆ. ಮೂರನೇ ದಿನ ನಿಮಗೆ ಇದ್ಯಾವುದೂ ಗೊತ್ತಾಗುವುದಿಲ್ಲ, ಬರೀ ಸಿಟ್ಟು ಬರುತ್ತಿರುತ್ತದೆ. ಆದರೂ ಒಳಗೆ ಕೆಲಸ ನಡೆದಿರುತ್ತದೆ.

## ಹೆಜ್ಜೆ 7: ಎರಡನೇ ವಾರದಿಂದ ಮೂರನೇ ತಿಂಗಳವರೆಗೆ

ಈಗ ದೇಹ ಸುಮ್ಮನಾಗಿದೆ, ಮಂದಿ ಸುಮ್ಮನಿರುವುದಿಲ್ಲ. ‘ಎಷ್ಟ ದಿನಾ ಆತು? ಇಪ್ಪತ್ತಾ? ಹಂಗಾರ ಒಂದ ಸೇದಿದ್ರ ಏನೂ ಆಗೂದಿಲ್ಲ ತಗೋ.’ ಈ ಮಾತಿಗೆ ವಾದ ಮಾಡಬೇಡಿ. ‘ಒಲ್ಲೆ’ ಅಂದು ಮಾತು ಬದಲಿಸಿ. ಕಾರಣ ಕೊಟ್ಟರೆ ಕಾರಣ ಮುರಿಯಲು ಕೂರುತ್ತಾರೆ.

ಬದಲಿಗೆ ಹೋಗುವವರ ಕಥೆ ಬೇರೆ. ಸಿಗರೇಟು ಬಿಟ್ಟು ಬೀಡಿಗೆ ಹೋದವರು ಇದ್ದಾರೆ, ‘ಎಲಿ ಐತಿ, ಕಾಗದ ಇಲ್ಲ, ಚೊಲೋ’ ಅಂತ. ಬೀಡಿ ಎಳೆಯದಿದ್ದರೆ ಆರುತ್ತದೆ. ಅದಕ್ಕೆ ಜೋರಾಗಿ, ಮತ್ತೆ ಮತ್ತೆ ಎಳೆಯುತ್ತೀರಿ, ಹೊಗೆ ಇನ್ನೂ ಆಳಕ್ಕೆ ಹೋಗುತ್ತದೆ. ಗುಟ್ಕಾಕ್ಕೆ ಹೋದವರು ಪುಪ್ಪುಸ ಬಿಟ್ಟು ಬಾಯಿ ಹಿಡಿದರು, ಅಷ್ಟೇ. ಇ-ಸಿಗರೇಟಿನ ಮಾರಾಟ ದೇಶದಲ್ಲೇ 2019ರಿಂದ ನಿಷೇಧ. ‘ಆನ್‌ಲೈನ್ ಸಿಗ್ತದ’ ಅಂದರೂ ಬೇಡ.

ಕುಡಿತ ಇರುವವರು ಮೊದಲ ಒಂದು ತಿಂಗಳು ಅದನ್ನೂ ದೂರ ಇಡಿ. ಎರಡನೇ ಪೆಗ್ಗಿಗೆ ಎಲ್ಲ ಲೆಕ್ಕ ಮರೆತುಹೋಗುತ್ತದೆ. ಆದರೆ ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ದೇಹಕ್ಕೆ ಅಪಾಯ, ಅಂಥವರು ಡಾಕ್ಟರ್‌ಗೆ ಹೇಳಿಯೇ ನಿಲ್ಲಿಸಬೇಕು.

ಯಾರೂ ಹೇಳದ ಒಂದು ಜಾಗ ಇದೆ: ಮಣ್ಣು, ಅಂದರೆ ಅಂತ್ಯಕ್ರಿಯೆ. ನನ್ನ ಮೂರನೇ ಪ್ರಯತ್ನ ನಾಲ್ಕು ತಿಂಗಳು ನಡೆದಿತ್ತು. ಸೋದರಮಾವನ ಮಣ್ಣಿಗೆ ಹೋದೆ. ಹೆಂಗಸರು ಒಳಗೆ ಅಳುತ್ತಿದ್ದರು, ಗಂಡಸರು ಬೇವಿನ ಗಿಡದ ಕೆಳಗೆ ಸುಮ್ಮನೆ ನಿಂತು ಸೇದುತ್ತಿದ್ದರು. ಕೈಗಳನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಯಾರೋ ಒಂದನ್ನು ಮುಂದೆ ಚಾಚಿದರು. ಆ ಹೊತ್ತಿನಲ್ಲಿ ಬೇಡ ಅನ್ನುವುದೂ ಅಪಚಾರ ಅನಿಸಿತು. ಈಗ ಅಂಥ ಕಡೆ ಹೋದರೆ ನೀರು ತರುವ, ಕಟ್ಟಿಗೆ ಇಳಿಸುವ, ಕುರ್ಚಿ ಜೋಡಿಸುವ ಕೆಲಸ ಕೇಳಿ ತೆಗೆದುಕೊಳ್ಳುತ್ತೇನೆ. ಕೈ ತುಂಬಿರುತ್ತದೆ.

ತೂಕ ಒಂದಿಷ್ಟು ಏರಬಹುದು. ಏರಲಿ. ಮಿರ್ಚಿ ಭಜಿಯ ಬದಲು ಶೇಂಗಾ, ಪುಟಾಣಿ, ಸೌತೆಕಾಯಿ ಇಟ್ಟುಕೊಳ್ಳಿ. ತೂಕ ಇಳಿಸುವ ಕೆಲಸವನ್ನು ಇದೇ ತಿಂಗಳು ಹಚ್ಚಿಕೊಳ್ಳಬೇಡಿ.

ಮತ್ತೆ ಜಾರುವ ಮುನ್ನ ಕೆಲವು ಗುರುತು ಕಾಣುತ್ತವೆ. ನೋಟ್‌ಬುಕ್ ಬರೆಯುವುದು ನಿಂತಿರುತ್ತದೆ. ಸೇದುವವರ ಪಕ್ಕ ‘ಬರೀ ವಾಸನೆಗೆ’ ನಿಲ್ಲುತ್ತೀರಿ. ಜೊತೆಗಾರನ ಫೋನ್ ಎತ್ತುವುದಿಲ್ಲ. ‘ನಂದು ಈಗ ನನ್ನ ಕೈಯಾಗ ಐತಿ, ಬೇಕಂದಾಗ ಬಿಡ್ತೀನಿ’ ಅಂತ ಬೇರೆಯವರಿಗೆ ಭಾಷಣ ಮಾಡುತ್ತೀರಿ. ಇದರಲ್ಲಿ ಎರಡು ಕಂಡರೂ ಅದೇ ದಿನ ಸಹಾಯವಾಣಿಗೆ ಕರೆ ಮಾಡಿ.

## ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಬೇಕಾದ ಲಕ್ಷಣಗಳು

ಎದೆ ಹಿಂಡಿದ ಹಾಗೆ ನೋವು, ನೋವು ಎಡಗೈಗೋ ದವಡೆಗೋ ಹರಿಯುವುದು, ಜೊತೆಗೆ ಬೆವರು: 108ಕ್ಕೆ ಕರೆ ಮಾಡಿ. ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಬೀಡಿ ಸೇದುವವರು ಕೆಮ್ಮನ್ನೆಲ್ಲ ಬೀಡಿಯ ತಲೆಗೆ ಕಟ್ಟುತ್ತಾರೆ, ಕ್ಷಯ ಇದ್ದದ್ದು ತಡವಾಗಿ ಗೊತ್ತಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ರೊಕ್ಕ ಇಲ್ಲ. ಕಫದಲ್ಲಿ ರಕ್ತ ಕಂಡರೆ ಎರಡು ವಾರವೂ ಕಾಯಬೇಡಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಕ್ಕೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಬಾರದಿರುವುದು, ಇವಕ್ಕೂ ಹಲ್ಲಿನ ಡಾಕ್ಟರ್‌ಗೆ ತೋರಿಸಬೇಕು.

ಬೇಜಾರು ವಾರಗಟ್ಟಲೆ ಇಳಿಯದಿದ್ದರೆ, ಬದುಕೇ ಬೇಡ ಅನಿಸಿದರೆ, 14416. ಗುಳಿಗೆ ಶುರು ಮಾಡಿದ ಮೇಲೆ ಹಾಗೆ ಅನಿಸಿದರೆ ಬರೆದುಕೊಟ್ಟ ಡಾಕ್ಟರ್‌ಗೂ ಅವತ್ತೇ ತಿಳಿಸಿ.

## ಹೆಜ್ಜೆ 8: ಜಾರಿದರೆ

ಒಂದು ಸೇದಿಬಿಟ್ಟಿರಿ. ಈಗ ಮಾಡಬಾರದ್ದು ಒಂದೇ: ‘ಹೋತು, ಎಲ್ಲಾ ಹಾಳಾತು’ ಅಂತ ಪ್ಯಾಕೆಟ್ ತರುವುದು. ಒಂದು ಸಿಗರೇಟಿಗೂ ಒಂದು ಪ್ಯಾಕೆಟ್ಟಿಗೂ ಬಹಳ ಅಂತರ ಇದೆ.

ಉಳಿದದ್ದನ್ನು ನೀರಿಗೆ ಹಾಕಿ. ಗಮ್ಮು ನಡೆಯುತ್ತಿದ್ದರೆ ನಿಲ್ಲಿಸಬೇಡಿ. ನೋಟ್‌ಬುಕ್ ತೆಗೆದು ಅದೇ ನಾಲ್ಕು ವಿಷಯ ಬರೆಯಿರಿ: ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ, ಬೇಕಿತ್ತಾ ಸುಮ್ನೆನಾ. ಹೊಸ ತಾರೀಖು ಹುಡುಕುತ್ತ ಕೂರಬೇಡಿ, ಮುಂದಿನ ತಾಸಿನಿಂದಲೇ ನೀವು ಬಿಟ್ಟವರು. ಬರೆದದ್ದನ್ನು ಆ ಸಂಜೆಯೇ ಜೊತೆಗಾರನಿಗೆ ಓದಿ ಹೇಳಿ. ನಾಚಿಕೆ ಆಗುತ್ತದೆ, ಆದರೂ ಹೇಳಿ. ರಾತ್ರಿ 8ರೊಳಗಾದರೆ 1800-11-2356. ಸೋಮವಾರವಾಗಿದ್ದು ತಲೆ ಕೆಟ್ಟಿದ್ದರೆ 14416. ಮಂಗಳವಾರ ಬೆಳಿಗ್ಗೆ 8ಕ್ಕೆ ಮೊದಲನೇ ನಂಬರಿಗೆ ಮತ್ತೆ ಹಚ್ಚಿ.